ಮಕ್ಕಳ ಫ್ಯಾಂಟಸಿಯಲ್ಲಿ ಯುದ್ಧ: ಬರೆಯುವವರಿಗೊಂದು ದಾರಿ

1937ರಲ್ಲಿ ಪ್ರಕಟವಾದ ಜೆ.ಆರ್.ಆರ್. ಟೋಲ್ಕಿನ್ ಅವರ ‘ದಿ ಹಾಬಿಟ್’ ಕಾದಂಬರಿಯ ಕೊನೆಯಲ್ಲಿ ಐದು ಸೈನ್ಯಗಳು ಒಂದು ಬೆಟ್ಟದ ತಪ್ಪಲಿನಲ್ಲಿ ಕಾದಾಡುತ್ತವೆ. ಆ ಕಾಳಗದ ನಿರ್ಣಾಯಕ ಘಟ್ಟವನ್ನು ಕಥಾನಾಯಕ ಬಿಲ್ಬೋ ನೋಡುವುದೇ ಇಲ್ಲ. ಹದ್ದುಗಳು ಬರುತ್ತಿವೆ ಎಂದು ಅವನು ಕೂಗುವಷ್ಟರಲ್ಲಿ ಮೇಲಿನಿಂದ ಬಂದ ಕಲ್ಲೊಂದು ತಲೆಗೆ ಬಡಿಯುತ್ತದೆ. ಎಚ್ಚರವಾದಾಗ ಎಲ್ಲ ಮುಗಿದಿದೆ, ಸುತ್ತ ಯಾರೂ ಇಲ್ಲ. ನಮ್ಮವರೇ ಗೆದ್ದಿರಬೇಕು ಎಂದು ಊಹಿಸುತ್ತಾನೆ; ಗೆಲುವೆಂದರೆ ಇಷ್ಟು ಮಂಕೇ ಎಂದೂ ಅವನಿಗೆ ಅನ್ನಿಸುತ್ತದೆ. 2014ರಲ್ಲಿ ಬಂದ ಸಿನಿಮಾ ಇದೇ ಕಾಳಗವನ್ನು ಎಳೆದೆಳೆದು ತೋರಿಸಿತು. ಪುಸ್ತಕದಲ್ಲಿ ಅದು ಕೆಲವೇ ಪುಟಗಳದ್ದು. ಟೋಲ್ಕಿನ್ 1916ರಲ್ಲಿ ಫ್ರಾನ್ಸಿನ ಸೋಮ್ ಕದನದಲ್ಲಿ ಸಂದೇಶ ರವಾನೆಯ ಅಧಿಕಾರಿಯಾಗಿದ್ದವರು. ಯುದ್ಧವನ್ನು ಕಣ್ಣಾರೆ ಕಂಡವರೊಬ್ಬರು ಮಕ್ಕಳಿಗೆ ಬರೆಯುವಾಗ ಎಲ್ಲಿ ಕಣ್ಣು ಮುಚ್ಚಿದರು, ಎಲ್ಲಿ ತೆರೆದರು ಎಂಬುದನ್ನು ನೋಡಿದರೆ ಅರ್ಧ ಪಾಠ ಅಲ್ಲಿಯೇ ಸಿಗುತ್ತದೆ.

ಎಂಟರಿಂದ ಹದಿಮೂರರ ವಯಸ್ಸಿನ ಓದುಗರಿಗೆ ಕನ್ನಡದಲ್ಲಿ ಫ್ಯಾಂಟಸಿ ಬರೆಯಲು ಹೊರಟವರಿಗಾಗಿ ಈ ಲೇಖನ. ಮಾಂತ್ರಿಕ ಸಿದ್ಧ, ಮಾತನಾಡುವ ಕರಡಿ ಸಿದ್ಧ, ನಕ್ಷೆಯೂ ಸಿದ್ಧ. ಮಹಾಯುದ್ಧದ ಅಧ್ಯಾಯ ಬಂದಾಗ ಕೈ ನಿಂತಿದೆ ಎನ್ನುವವರು ಇದನ್ನು ಪಕ್ಕದಲ್ಲಿಟ್ಟುಕೊಳ್ಳಬಹುದು. ಮಕ್ಕಳ ಪುಸ್ತಕಕ್ಕೆ ಯುದ್ಧವೇ ಬೇಡ ಎನ್ನುವವರ ವಾದ ನನಗೆ ಒಪ್ಪಿಗೆಯಾಗಿಲ್ಲ. ಕುರುಕ್ಷೇತ್ರದ ಕಥೆ, ಲಂಕೆಯ ಕಥೆ ಕೇಳಿಕೊಂಡೇ ಇಲ್ಲಿನ ಮಕ್ಕಳು ಬೆಳೆದಿದ್ದಾರೆ. ನಾರ್ನಿಯಾ ಕಥೆಗಳನ್ನು ಬರೆದ ಸಿ.ಎಸ್. ಲೂಯಿಸ್ 1952ರ ಒಂದು ಪ್ರಬಂಧದಲ್ಲಿ, ಕ್ರೂರ ಶತ್ರುಗಳನ್ನು ಮಕ್ಕಳು ಬದುಕಿನಲ್ಲಿ ಹೇಗೂ ಎದುರಿಸಬೇಕಾಗುತ್ತದೆ, ಧೀರರ ಕಥೆಯನ್ನಾದರೂ ಮೊದಲೇ ಕೇಳಿರಲಿ ಎಂಬರ್ಥದ ಮಾತು ಹೇಳಿದ್ದಾರೆ. ನನ್ನ ತಕರಾರು ಲೆಕ್ಕವಿಲ್ಲದ ಯುದ್ಧದ ಬಗ್ಗೆ ಮಾತ್ರ. ಒಂದು ಪುಟದಲ್ಲಿ ಸಾವಿರ ಜನ ಸಾಯುತ್ತಾರೆ, ಮರುಪುಟದಲ್ಲಿ ಅರಮನೆಯಲ್ಲಿ ಪಾಯಸದೂಟ. ಓದುವ ಮಗುವಿಗೆ ಇದರಿಂದ ಭಯವಾಗುವುದಿಲ್ಲ, ಬೇಸರವಾಗುತ್ತದೆ.

ಮೊದಲ ಕೆಲಸ: ನಷ್ಟದ ಪಟ್ಟಿ

ಕತ್ತಿ ಎತ್ತುವ ಮೊದಲು ಒಂದು ಹಾಳೆಯಲ್ಲಿ ನಾಲ್ಕೈದು ಸಾಲು ಬರೆಯಿರಿ. ಈ ಯುದ್ಧ ಮುಗಿದಾಗ ಯಾರು ಇರುವುದಿಲ್ಲ? ಯಾವ ಸ್ನೇಹ ಮುರಿದಿರುತ್ತದೆ? ಯಾವ ಸ್ಥಳಕ್ಕೆ ಮತ್ತೆ ಹೋಗಲಾಗದು? ನಾಯಕ ಅಥವಾ ನಾಯಕಿ ಮನೆಗೆ ಮರಳುವಾಗ ಜೊತೆಗೆ ಒಯ್ದದ್ದರಲ್ಲಿ ಏನು ಕಡಿಮೆಯಾಗಿರುತ್ತದೆ? ಉತ್ತರ ಸಿಗದಿದ್ದರೆ ನಿಮ್ಮ ಕಥೆಗೆ ಯುದ್ಧ ಬೇಕಾಗಿಲ್ಲ; ಓಟವೋ ಕಳ್ಳತನವೋ ತಪ್ಪಿಸಿಕೊಳ್ಳುವ ಪ್ರಸಂಗವೋ ಸಾಕು.

ಬಿಲ್ಬೋವಿನ ಕಥೆಯನ್ನೇ ನೋಡಿ. ಯುದ್ಧಕ್ಕೆ ಮುಂಚೆ ಅವನಿಗೂ ಕುಬ್ಜರ ಅರಸ ಥೋರಿನ್‌ಗೂ ಒಂದು ರತ್ನದ ವಿಷಯದಲ್ಲಿ ಕೆಟ್ಟ ಜಗಳವಾಗಿರುತ್ತದೆ. ಸಾಯುವ ಹೊತ್ತಿನಲ್ಲಿ ಥೋರಿನ್ ಅವನನ್ನು ಕರೆಸಿ ತನ್ನ ಮಾತು ಹಿಂತೆಗೆದುಕೊಳ್ಳುತ್ತಾನೆ. ಐದು ಸೈನ್ಯಗಳ ಗದ್ದಲವೆಲ್ಲ ಬಂದು ನಿಲ್ಲುವುದು ಒಂದು ಡೇರೆಯೊಳಗಿನ ಈ ಎರಡು ನಿಮಿಷದ ಮಾತಿನಲ್ಲಿ. ಥೋರಿನ್‌ನ ತಂಗಿಯ ಮಕ್ಕಳಿಬ್ಬರು ಅವನನ್ನು ಕಾಪಾಡುತ್ತಲೇ ಸತ್ತರೆಂಬುದು ಒಂದೇ ವಾಕ್ಯದಲ್ಲಿ ಬಂದು ಹೋಗುತ್ತದೆ. ಪಟ್ಟಿ ಮೊದಲೇ ಸಿದ್ಧವಿದ್ದರೆ ಯಾವ ನಷ್ಟಕ್ಕೆ ಪುಟ ಕೊಡಬೇಕು, ಯಾವುದಕ್ಕೆ ಸಾಲು ಸಾಕು ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ.

ಎರಡನೆಯದು: ಮಗುವನ್ನು ಎಲ್ಲಿ ನಿಲ್ಲಿಸುತ್ತೀರಿ?

ಇದೇ ಇಡೀ ಕೆಲಸದ ಕೀಲಿ. ಸಿನಿಮಾದ ಕ್ಯಾಮೆರಾ ಆಕಾಶಕ್ಕೆ ಏರಿ ಎರಡೂ ಸೈನ್ಯಗಳನ್ನು ತೋರಿಸಬಲ್ಲದು. ಹನ್ನೊಂದು ವರ್ಷದ ಹುಡುಗಿಗೆ ಕಾಣುವುದು ಮುಂದೆ ನಿಂತವನ ಬೆನ್ನು, ಧೂಳು, ಮತ್ತು ಪಕ್ಕದ ಕುದುರೆಯ ಕಣ್ಣು. ಅವಳಿಗೆ ಕಾಣುವಷ್ಟನ್ನೇ ಬರೆಯಿರಿ. ಕೋಟೆಯ ಬುರುಜಿನ ಮೇಲೆ ನಿಲ್ಲಿಸಿದರೆ ದೂರದ ಚಲನೆ ಕಾಣುತ್ತದೆ, ಮುಖ ಕಾಣುವುದಿಲ್ಲ. ಗಾಯಾಳುಗಳ ಡೇರೆಯಲ್ಲಿ ನಿಲ್ಲಿಸಿದರೆ ಒಬ್ಬೊಬ್ಬರ ಮುಖವೂ ಕಾಣುತ್ತದೆ, ಯುದ್ಧ ಕೇಳಿಸುತ್ತದೆ ಮಾತ್ರ. ಸಂದೇಶ ಒಯ್ಯುವ ಓಟಗಾರನನ್ನಾಗಿ ಮಾಡಿದರೆ ಎರಡೂ ಸಿಗುತ್ತವೆ. ಹೊಸಬರಿಗೆ ನಾನು ಸೂಚಿಸುವುದು ಇದನ್ನೇ. ಅವನಿಗೆ ಓಡಾಡಲು ಕಾರಣವಿದೆ, ಕೊಲ್ಲಲು ಕಾರಣವಿಲ್ಲ.

ಲೂಯಿಸ್ 1950ರ ‘ದಿ ಲಯನ್, ದಿ ವಿಚ್ ಅಂಡ್ ದಿ ವಾರ್ಡ್‌ರೋಬ್’ ಪುಸ್ತಕದಲ್ಲಿ ಬೇರೊಂದು ಉಪಾಯ ಹೂಡಿದರು. ಮುಖ್ಯ ಕಾಳಗ ನಡೆಯುವಾಗ ಓದುಗ ಇರುವುದು ಇಬ್ಬರು ಹುಡುಗಿಯರ ಜೊತೆ, ಬೇರೆಡೆಯಲ್ಲಿ. ಅವರು ರಣರಂಗ ತಲುಪುವಾಗ ಕಾಳಗ ಮುಗಿಯುವ ಹಂತದಲ್ಲಿದೆ. ಅವರ ಸೋದರ ಎಡ್ಮಂಡ್ ಶತ್ರುಪಕ್ಷದ ಮಾಟಗಾತಿಯ ಮಂತ್ರದಂಡವನ್ನು ಮುರಿದದ್ದರಿಂದಲೇ ಸೈನ್ಯ ಉಳಿಯಿತು ಎಂಬುದನ್ನು ಆಮೇಲೆ ಪೀಟರ್ ಹೇಳುತ್ತಾನೆ. ಹಿಂದೆ ದ್ರೋಹ ಮಾಡಿದ್ದ ತಮ್ಮನ ಶೌರ್ಯವನ್ನು ಅಣ್ಣನ ಬಾಯಿಂದ ಕೇಳಿಸುವುದರಲ್ಲಿ ಇರುವ ಬಲ ನೇರ ವರ್ಣನೆಯಲ್ಲಿ ಬರುತ್ತಿರಲಿಲ್ಲ.

ಇನ್ನೊಂದು ವಿಷಯ: ಯುದ್ಧ ಮಗುವಿನ ತೀರ್ಮಾನದಿಂದ ಶುರುವಾದರೆ ಒಳ್ಳೆಯದು. ಕನ್ನಡದಲ್ಲಿ ಇದಕ್ಕೆ ಲಕ್ಷ್ಮೀಶನ ಜೈಮಿನಿ ಭಾರತಕ್ಕಿಂತ ಒಳ್ಳೆಯ ಮಾದರಿ ನನಗೆ ಗೊತ್ತಿಲ್ಲ. ರಾಮನ ಯಜ್ಞದ ಕುದುರೆ ವಾಲ್ಮೀಕಿಯ ಆಶ್ರಮದ ತೋಟಕ್ಕೆ ನುಗ್ಗುತ್ತದೆ. ಲವ ಅದರ ಹಣೆಯ ಪಟ್ಟಿಯಲ್ಲಿನ ಸವಾಲನ್ನು ಓದಿ, ತನ್ನ ಉತ್ತರೀಯದಿಂದ ಅದನ್ನು ಬಾಳೆಗೆ ಕಟ್ಟುತ್ತಾನೆ. ಮುನಿಕುಮಾರರು ಹೆದರಿ ಬಿಟ್ಟುಬಿಡು ಎನ್ನುತ್ತಾರೆ, ಇವನು ನಗುತ್ತಾನೆ. ಚತುರಂಗ ಸೈನ್ಯದ ಎದುರು ಒಂದು ತುಂಡು ಬಟ್ಟೆ, ಒಂದು ಬಾಳೆಗಿಡ, ಒಬ್ಬ ಹುಡುಗ. ತೋಟ ಹಾಳಾಯಿತೆಂಬ ಸಿಟ್ಟು ಯಾವ ಮಗುವಿಗೂ ಅರ್ಥವಾಗುತ್ತದೆ, ಸಾಮ್ರಾಜ್ಯದ ರಾಜಕೀಯ ಅರ್ಥವಾಗಬೇಕಾಗಿಲ್ಲ. ನಿಮ್ಮ ಕಥೆಯಲ್ಲೂ ಯುದ್ಧದ ಕಾರಣ ಇಷ್ಟೇ ಹತ್ತಿರದ್ದಾಗಿರಲಿ.

ಮೂರನೆಯದು: ರಣರಂಗವನ್ನು ಕಿರಿದು ಮಾಡಿ

ಒಂದು ಅಕ್ಷೌಹಿಣಿಯೆಂದರೆ 21,870 ರಥ, ಅಷ್ಟೇ ಆನೆ, 65,610 ಕುದುರೆ, 1,09,350 ಕಾಲಾಳು. ಕುರುಕ್ಷೇತ್ರದಲ್ಲಿ ಸೇರಿದ್ದು ಇಂಥ ಹದಿನೆಂಟು. ದೊಡ್ಡ ಆನೆಯೊಂದು ದಿನಕ್ಕೆ ಸುಮಾರು 150 ಕಿಲೋ ಮೇವು ತಿನ್ನುತ್ತದೆ ಎಂದಿಟ್ಟುಕೊಂಡರೆ, ಒಂದೇ ಅಕ್ಷೌಹಿಣಿಯ ಆನೆಗಳಿಗೆ ದಿನಕ್ಕೆ 3,200 ಟನ್ನಿಗೂ ಹೆಚ್ಚು ಮೇವು ಬೇಕು. ಹತ್ತು ಟನ್ ಹೊರುವ ಲಾರಿಗಳಲ್ಲಿ ತಂದರೆ ಮುನ್ನೂರಕ್ಕೂ ಹೆಚ್ಚು ಲೋಡ್, ಪ್ರತಿದಿನ! ಮಕ್ಕಳಿಗೆ ಇಂಥ ಲೆಕ್ಕ ಬಹಳ ಇಷ್ಟ, ನಿಮ್ಮ ಸೈನ್ಯದ ಬಗ್ಗೆಯೂ ಕೇಳಿಯೇ ಕೇಳುತ್ತಾರೆ. ಮಹಾಕಾವ್ಯಕ್ಕೆ ಆ ಅಳತೆ ಸಲ್ಲುತ್ತದೆ. ನಿಮ್ಮ ಇನ್ನೂರು ಪುಟದ ಪುಸ್ತಕಕ್ಕೆ ಲಕ್ಷ ಸೈನಿಕರು ಬಂದರೆ ಅವರಿಗೆ ಊಟ ಹಾಕುವವರಾರು? ನಡೆಯುವ ಸೈನ್ಯ ದಿನಕ್ಕೆ ಇಪ್ಪತ್ತು, ಇಪ್ಪತ್ತೈದು ಕಿಲೋಮೀಟರಿಗಿಂತ ಹೆಚ್ಚು ದೂರ ಹೋಗುವುದು ಕಷ್ಟ. ನಕ್ಷೆಯ ಮೇಲೆ ಇದನ್ನು ಅಳೆದು ನೋಡಿ. ನಿಮ್ಮ ಖಳನಾಯಕನ ಪಡೆ ಒಂದೇ ರಾತ್ರಿಯಲ್ಲಿ ಮೂರು ರಾಜ್ಯ ದಾಟುತ್ತಿದ್ದರೆ ಮಂತ್ರವನ್ನಾದರೂ ಕೊಡಿ, ರೆಕ್ಕೆಯನ್ನಾದರೂ ಕೊಡಿ.

ಕಿರಿದು ಮಾಡುವ ದಾರಿ ತಿಳಿಯಲು ಚಿತ್ರದುರ್ಗದ ಕೋಟೆಗೆ ಹೋದರೆ ಸಾಕು. ಒನಕೆ ಓಬವ್ವನ ಕಿಂಡಿಯನ್ನು ಇಂದಿಗೂ ಅಲ್ಲಿ ತೋರಿಸುತ್ತಾರೆ. ಹೈದರಾಲಿಯ ಸೈನ್ಯ ಎಷ್ಟು ದೊಡ್ಡದಿದ್ದರೇನು, ಆ ಬಿರುಕಿನಲ್ಲಿ ಒಂದು ಸಲಕ್ಕೆ ಒಬ್ಬನೇ ನುಸುಳಬೇಕು. ಗಂಡ ಊಟಕ್ಕೆ ಕುಳಿತಿದ್ದಾನೆ, ನೀರಿಗೆ ಹೋದವಳ ಕಿವಿಗೆ ಸದ್ದು ಬಿದ್ದಿದೆ, ಕೈಗೆ ಸಿಕ್ಕಿದ್ದು ಒನಕೆ. ಕಥೆಗಾರನಿಗೆ ಇದಕ್ಕಿಂತ ಹೆಚ್ಚೇನು ಬೇಕು? ಜಾಗ, ಆಯುಧ, ಹೊತ್ತು, ಕಾರಣ ಎಲ್ಲವೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಯುವಷ್ಟು ಸರಳ.

ಇದೇ ಲೆಕ್ಕಾಚಾರ ರಿಚರ್ಡ್ ಆಡಮ್ಸ್ ಅವರ 1972ರ ‘ವಾಟರ್‌ಶಿಪ್ ಡೌನ್’ ಕಾದಂಬರಿಯಲ್ಲೂ ಇದೆ. ಅಲ್ಲಿ ಯೋಧರೆಲ್ಲ ಮೊಲಗಳು. ಬಿಲದೊಳಗಿನ ಇಕ್ಕಟ್ಟಿನ ಸುರಂಗದಲ್ಲಿ ಬಿಗ್‌ವಿಗ್ ಎಂಬ ಮೊಲ ಒಂಟಿಯಾಗಿ ನಿಂತು ಶತ್ರುಗಳ ಸೇನಾಪತಿ ವೂಂಡ್‌ವರ್ಟ್‌ನನ್ನು ತಡೆಯುತ್ತದೆ. ದಾರಿ ಬಿಡು ಎಂದರೆ, ಈ ದಾರಿ ಕಾಯಲು ನನ್ನ ನಾಯಕ ಹೇಳಿದ್ದಾನೆ ಎನ್ನುತ್ತದೆ. ಇವನೇ ನಾಯಕನೆಂದು ತಿಳಿದಿದ್ದ ಸೇನಾಪತಿಗೆ ಆ ಮಾತು ಏಟಿಗಿಂತ ಜೋರಾಗಿ ತಗಲುತ್ತದೆ: ಹಾಗಾದರೆ ಇವನಿಗಿಂತ ಬಲಿಷ್ಠನೊಬ್ಬ ಹೊರಗೆಲ್ಲೋ ಇದ್ದಾನೆ! ನಿಜವಾದ ನಾಯಕ ಚಿಕ್ಕ ಗಾತ್ರದ ಒಂದು ಕುಂಟು ಮೊಲವೆಂಬುದು ಓದುಗನಿಗೆ ಗೊತ್ತು. ಅಲ್ಲಿ ನಿಜವಾಗಿ ತಗಲಿದ ಹೊಡೆತ ಆ ಮಾತಿನದು.

ಮೇಲೆ ಹೇಳಿದ ಲೂಯಿಸ್ ಪುಸ್ತಕದಲ್ಲಿಯೇ, ಹೆಂಗಸರು ಹೋರಾಡಿದರೆ ಯುದ್ಧ ಕುರೂಪವಾಗುತ್ತದೆ ಎಂಬ ಮಾತನ್ನು ಒಂದು ಪಾತ್ರ ಹೇಳುತ್ತದೆ. ಓಬವ್ವನ ನಾಡಿನ ಮಕ್ಕಳು ಅದನ್ನು ಓದಿ ನಕ್ಕರೆ ನಗಲಿ. ನಿಮ್ಮ ಕಥೆಯ ಹುಡುಗಿಯರನ್ನು ಸುಮ್ಮನೆ ಡೇರೆಗೆ ಕಳುಹಿಸಬೇಡಿ. ಡೇರೆಯಲ್ಲೂ ಕಥೆಗೆ ಬೇಕಾದ ಕೆಲಸ ಇದ್ದರೆ ಮಾತು ಬೇರೆ.

ನಾಲ್ಕನೆಯದು: ಮಂತ್ರಕ್ಕೆ ಬೆಲೆ ಕಟ್ಟಿ

ಮಾಂತ್ರಿಕನೊಬ್ಬ ಕೈಯೆತ್ತಿದ ಕೂಡಲೇ ಶತ್ರುಸೈನ್ಯ ಬೂದಿಯಾಗುವುದಾದರೆ ಹಿಂದಿನ ಹತ್ತು ಅಧ್ಯಾಯ ಏಕೆ ಬೇಕಿತ್ತು ಎಂದು ಎಂಟು ವರ್ಷದ ಮಗುವೂ ಕೇಳುತ್ತದೆ. ಉರ್ಸುಲಾ ಲೆ ಗ್ವಿನ್ ಅವರ 1968ರ ‘ಎ ವಿಝರ್ಡ್ ಆಫ್ ಅರ್ತ್‌ಸೀ’ಯಲ್ಲಿ ಹದಿಮೂರು ತುಂಬದ ಹುಡುಗನೊಬ್ಬ ತನ್ನ ಹಳ್ಳಿಗೆ ನುಗ್ಗಿದ ದಾಳಿಕೋರರನ್ನು ಎದುರಿಸುತ್ತಾನೆ. ಅವನಿಗೆ ಗೊತ್ತಿರುವುದು ಮಂಜನ್ನು ಸೇರಿಸುವ ಸಣ್ಣ ವಿದ್ಯೆ. ಆ ಮಂಜಿನಲ್ಲಿ ದಾಳಿಕೋರರು ದಾರಿ ತಪ್ಪುತ್ತಾರೆ, ಊರಿನ ದಾರಿ ಬಲ್ಲ ಹಳ್ಳಿಗರು ತಪ್ಪುವುದಿಲ್ಲ. ಹಳ್ಳಿ ಉಳಿಯುತ್ತದೆ. ಆದರೆ ಶಕ್ತಿ ಮೀರಿ ಖರ್ಚು ಮಾಡಿದ ಹುಡುಗ ಮಾತು, ಊಟ, ನಿದ್ದೆ ಯಾವುದೂ ಇಲ್ಲದೆ ಮರದಂತೆ ನಿಂತುಬಿಡುತ್ತಾನೆ. ದೊಡ್ಡ ಮಾಂತ್ರಿಕನೊಬ್ಬ ಬಂದು ಗುಣಪಡಿಸಬೇಕಾಗುತ್ತದೆ. ಸಣ್ಣ ವಿದ್ಯೆ, ಅದಕ್ಕೆ ತಕ್ಕ ಜಾಣತನ, ಮೀರಿದ ಖರ್ಚು: ಈ ಮೂರನ್ನು ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳಿ.

ಗುಣಪಡಿಸುವ ಮಂತ್ರಕ್ಕೂ ಮಿತಿ ಬೇಕು. ಲೂಯಿಸ್ ಪುಸ್ತಕದ ಆ ಇಬ್ಬರು ಹುಡುಗಿಯರಲ್ಲಿ ಕಿರಿಯಳಾದ ಲೂಸಿಯ ಬಳಿ ಯಾವ ಗಾಯವನ್ನೂ ವಾಸಿ ಮಾಡುವ ದ್ರವದ ಸೀಸೆಯಿದೆ. ಅಣ್ಣ ಎಡ್ಮಂಡ್‌ಗೆ ಅದನ್ನು ಹಾಕಿ, ಫಲ ಕಾಣಲು ಅವನ ಪಕ್ಕದಲ್ಲೇ ನಿಂತಾಗ ಸಿಂಹ ಆಸ್ಲಾನ್ ಗದರಿಸುತ್ತದೆ: ಉಳಿದವರೂ ಸಾಯುತ್ತಿದ್ದಾರೆ. ಔಷಧ ಇದ್ದರೂ ಸಮಯವಿಲ್ಲ ಎಂಬ ಇಕ್ಕಟ್ಟು ಅದು.

ಯುದ್ಧದ ನಿಯಮವೂ ಒಂದೇ ಸಾಲಿನಲ್ಲಿ ಹೇಳುವಂತಿರಲಿ. ಅಭಿಮನ್ಯುವಿಗೆ ಚಕ್ರವ್ಯೂಹದ ಒಳಗೆ ಹೋಗುವುದು ಗೊತ್ತು, ಹೊರಬರುವುದು ಗೊತ್ತಿಲ್ಲ. ಸಾವಿರಾರು ವರ್ಷಗಳಿಂದ ಯಾರಿಗೂ ಇದನ್ನು ಎರಡನೆಯ ಸಲ ವಿವರಿಸಬೇಕಾಗಿ ಬಂದಿಲ್ಲ.

ಐದನೆಯದು: ಹೆದರಿಕೆಗೂ ನಗುವಿಗೂ ಜಾಗ

ಹೆದರದ ವೀರ ಮಕ್ಕಳಿಗೆ ಬೇಗ ಹಳಸುತ್ತಾನೆ. ಲೂಯಿಸ್ ಪುಸ್ತಕದಲ್ಲಿ ತೋಳದ ಮೇಲೆ ಕತ್ತಿಯೆತ್ತಿ ಓಡುವ ಪೀಟರ್‌ಗೆ ಧೈರ್ಯವೇನೂ ಬಂದಿರುವುದಿಲ್ಲ, ವಾಂತಿ ಬರುವಂತಾಗಿರುತ್ತದೆ. ಆದರೂ ಮಾಡಬೇಕಾದ್ದನ್ನು ಮಾಡುತ್ತಾನೆ. ಹೊಟ್ಟೆ ತೊಳಸುವುದು, ಕೈ ಬೆವರಿ ಹಿಡಿ ಜಾರುವುದು, ಮೂತ್ರಕ್ಕೆ ಅವಸರವಾಗುವುದು, ಇವನ್ನು ಬರೆಯಲು ನಾಚಬೇಡಿ.

ನಗುವಿನ ವಿಷಯದಲ್ಲಿ ನಮಗೆ ದೊಡ್ಡ ಆಸ್ತಿಯಿದೆ. ಉತ್ತರನ ಪೌರುಷ ಒಲೆಯ ಮುಂದೆ ಎಂಬ ಗಾದೆ ಹುಟ್ಟಿದ್ದೇ ಒಬ್ಬ ಹದಿಹರೆಯದ ಜಂಬಗಾರನಿಂದ. ಅಂತಃಪುರದಲ್ಲಿ ಮೀಸೆ ತಿರುವಿದ ಉತ್ತರಕುಮಾರ ಕೌರವ ಸೇನೆಯನ್ನು ಕಂಡೊಡನೆ ರಥದಿಂದ ಧುಮುಕಿ ಓಡುತ್ತಾನೆ. ಬೃಹನ್ನಳೆಯ ವೇಷದ ಅರ್ಜುನ ಅಟ್ಟಿಸಿಕೊಂಡು ಹೋಗಿ ಹಿಡಿದು ತರಬೇಕು. ಕುಮಾರವ್ಯಾಸನ ಕೈಯಲ್ಲಿ ಈ ಪ್ರಸಂಗ ಎಷ್ಟು ರಂಗೇರಿದೆ ಎಂಬುದನ್ನು ಗಮಕಿಗಳ ಬಾಯಲ್ಲಿ ಕೇಳಿಯೇ ತಿಳಿಯಬೇಕು. ಹೆದರಿ ಓಡಿದ ಆ ಹುಡುಗನೇ ಸ್ವಲ್ಪ ಹೊತ್ತಿನಲ್ಲಿ ಅರ್ಜುನನ ಸಾರಥಿಯಾಗಿ ಅದೇ ಸೇನೆಯ ಎದುರು ರಥ ನಡೆಸುತ್ತಾನೆ. ಮಕ್ಕಳ ಕಥೆಯ ಪಾತ್ರ ಬೆಳೆಯಬೇಕಾದದ್ದು ಹೀಗೆ.

ಆರನೆಯದು: ಶತ್ರುವಿಗೆ ಮುಖ, ಯುದ್ಧಕ್ಕೆ ಬೇರೆ ಕೊನೆ

ಹುಟ್ಟಿನಿಂದಲೇ ಕೆಟ್ಟ ಕುಲವೊಂದನ್ನು ಸೃಷ್ಟಿಸಿದರೆ ಕೊಲ್ಲುವುದು ಸುಲಭ. ಫ್ಯಾಂಟಸಿಯ ಹಳೆಯ ಸೋಮಾರಿತನವಿದು, ದೊಡ್ಡ ಹೆಸರಿನ ಲೇಖಕರೂ ಇದಕ್ಕೆ ಹೊರತಲ್ಲ. ಶತ್ರುಪಾಳಯದಲ್ಲಿ ಕನಿಷ್ಠ ಒಬ್ಬನಿಗಾದರೂ ಹೆಸರು, ಹಸಿವು, ಮನೆಯ ನೆನಪು ಕೊಡಿ. ಅವನು ಒಳ್ಳೆಯವನಾಗಬೇಕಿಲ್ಲ, ಪಕ್ಷಾಂತರ ಮಾಡಬೇಕಿಲ್ಲ. ಯಾರೆಂದು ಗುರುತು ಸಿಕ್ಕರೆ ಸಾಕು. ಅವನ ಬಣ್ಣ, ಭಾಷೆ, ಉಡುಪು ನಮ್ಮ ಸುತ್ತಲಿನ ಯಾವುದೋ ಜನರನ್ನು ಹೋಲುತ್ತಿದೆಯೇ ಎಂದು ಎರಡು ಸಲ ಪರೀಕ್ಷಿಸಿ. ಹೋಲುತ್ತಿದ್ದರೆ ಬದಲಿಸಿ.

ಕೊನೆ ಯಾವಾಗಲೂ ಸಂಹಾರವೇ ಆಗಬೇಕಿಲ್ಲ. ಮತ್ತೆ ವಿರಾಟಪರ್ವಕ್ಕೇ ಬನ್ನಿ. ಆ ದಿನ ಬಾಣಗಳು ಹಾರಿದವು, ಸಾವೂ ಆದವು. ಆದರೆ ಕೊನೆಗೆ ಅರ್ಜುನ ಸಮ್ಮೋಹನಾಸ್ತ್ರ ಬಿಟ್ಟು ಕೌರವರನ್ನು ಮೈಮರೆಸುತ್ತಾನೆ. ಹೊರಡುವಾಗ ರಾಜಕುಮಾರಿ ಉತ್ತರೆ ತನ್ನ ಗೊಂಬೆಗಳಿಗೆ ಬಣ್ಣದ ಬಟ್ಟೆ ತಂದುಕೊಡು ಎಂದು ಕೇಳಿದ್ದು ನೆನಪಾಗಿ, ಬಿದ್ದವರ ವಸ್ತ್ರಗಳನ್ನು ತರಲು ಉತ್ತರನನ್ನು ಕಳುಹಿಸುತ್ತಾನೆ. ದ್ರೋಣ, ಕೃಪರ ಬಿಳಿ ಬಟ್ಟೆ, ಕರ್ಣನ ಹಳದಿ, ದುರ್ಯೋಧನನ ನೀಲಿ. ಭೀಷ್ಮನ ಹತ್ತಿರ ಮಾತ್ರ ಹೋಗಬೇಡ, ಅವನಿಗೆ ಆ ಅಸ್ತ್ರದ ಪ್ರತಿವಿದ್ಯೆ ಗೊತ್ತು ಎಂದು ಎಚ್ಚರಿಸುತ್ತಾನೆ. ಮಹಾರಥಿಗಳು ಎಚ್ಚರವಾದಾಗ ಮೈಮೇಲಿನ ಬಟ್ಟೆ ಒಂದು ಹುಡುಗಿಯ ಗೊಂಬೆಪೆಟ್ಟಿಗೆಗೆ ಹೊರಟಿದೆ! ಸೋಲಿನ ಅವಮಾನವನ್ನು ಇಷ್ಟು ಪೂರ್ಣವಾಗಿ, ಇಷ್ಟು ಮಕ್ಕಳ ಅಳತೆಗೆ ಹೇಳಿದ ದೃಶ್ಯ ಜಗತ್ತಿನ ಫ್ಯಾಂಟಸಿಯಲ್ಲೇ ವಿರಳ. ನಿಮ್ಮ ಖಳನಾಯಕನಿಂದ ಏನನ್ನು ಕಸಿದುಕೊಂಡರೆ ಅವನು ಹೀಗೆ ಕುಗ್ಗುತ್ತಾನೆ? ಅದನ್ನು ಹುಡುಕಿ.

ಏಳನೆಯದು: ಸಾವು ಮತ್ತು ಮರುದಿನ

ಆರೇಳು ವರ್ಷದವರ ಪುಸ್ತಕದಲ್ಲಿ ಹೆಸರಿರುವ ಪಾತ್ರ ಯುದ್ಧದಲ್ಲಿ ಸಾಯದಿರುವುದೇ ಲೇಸು. ಒಂಬತ್ತು ದಾಟಿದವರಿಗೆ ಸಾವನ್ನು ಹೇಳಬಹುದು, ಗಾಯವನ್ನು ಬಿಡಿಸಿ ತೋರಿಸಬೇಕಿಲ್ಲ. ಹನ್ನೆರಡರ ಮೇಲಿನವರು ಹೆಚ್ಚು ತಾಳಿಕೊಳ್ಳುತ್ತಾರೆ. ಇದು ಕಾನೂನಲ್ಲ, ನನ್ನ ಅಂದಾಜು. ನಿಮ್ಮ ಓದುಗರನ್ನು ನೀವೇ ಹೆಚ್ಚು ಬಲ್ಲಿರಿ.

ಜೆ.ಕೆ. ರೌಲಿಂಗ್ ಅವರ ಹ್ಯಾರಿ ಪಾಟರ್ ಸರಣಿಯ ಕೊನೆಯ ಪುಸ್ತಕ (2007) ಸಾವನ್ನು ಕಣ್ಣೆದುರು ತೋರಿಸುವ ಬಗೆ, ಆಮೇಲೆ ತಿಳಿಸುವ ಬಗೆ ಎರಡನ್ನೂ ಬಳಸುತ್ತದೆ. ಇನ್ನೂ ಓದದವರು ಮುಂದಿನ ನಾಲ್ಕು ವಾಕ್ಯ ಬಿಟ್ಟುಬಿಡಿ. ಫ್ರೆಡ್‌ನ ಸಾವು ಹ್ಯಾರಿಯ ಕಣ್ಣೆದುರೇ ಆಗುತ್ತದೆ, ನಗುತ್ತಿರುವಾಗಲೇ. ಲೂಪಿನ್ ಮತ್ತು ಟಾಂಕ್ಸ್ ಸಾಯುವುದನ್ನು ನಾವು ನೋಡುವುದಿಲ್ಲ. ಶಾಲೆಯ ಸಭಾಂಗಣದಲ್ಲಿ ಸತ್ತವರ ಸಾಲಿನಲ್ಲಿ ಅಕ್ಕಪಕ್ಕ ಮಲಗಿರುವುದನ್ನು ಮಾತ್ರ ಕಾಣುತ್ತೇವೆ. ಸತ್ತವರನ್ನು ಒಟ್ಟುಗೂಡಿಸಲೆಂದು ಯುದ್ಧಕ್ಕೆ ಒಂದು ಗಂಟೆಯ ಬಿಡುವು ಸಿಕ್ಕಿರುತ್ತದೆ, ಆ ಹೊತ್ತಿನ ದೃಶ್ಯವಿದು. ಯುದ್ಧದ ನಡುವೆ ಇಂಥ ಬಿಡುವು ಇಡುವುದು ಬಹಳ ಉಪಯುಕ್ತ ತಂತ್ರ. ಓದುಗನಿಗೆ ಉಸಿರಾಡಲು ಸಮಯ ಸಿಗುತ್ತದೆ, ನಷ್ಟವನ್ನು ಎಣಿಸಲೂ ಸಮಯ ಸಿಗುತ್ತದೆ.

ಮರುದಿನದ ಅಧ್ಯಾಯ ಬರೆಯದೆ ಪುಸ್ತಕ ಮುಗಿಸಬೇಡಿ. ಯಾರು ಅಡುಗೆ ಮಾಡಿದರು? ಗಾಯಗೊಂಡವರನ್ನು ಯಾವ ಗಾಡಿಯಲ್ಲಿ ಒಯ್ದರು? ಸೆರೆಸಿಕ್ಕವರನ್ನು ಏನು ಮಾಡಿದರು? ತೋಳವನ್ನು ಕೊಂದ ಪೀಟರ್‌ಗೆ ಆಸ್ಲಾನ್ ಹೊಗಳಿಕೆಗೆ ಮೊದಲು ಹೇಳುವುದು, ಕತ್ತಿ ಒರೆಸುವುದನ್ನು ಮರೆತಿದ್ದೀಯೆ ಎಂದು. ಇಂಥ ಒಂದು ಒಣ ವಿವರ ಬೇಕು.

ಎಂಟನೆಯದು: ವಾಕ್ಯದ ನಡಿಗೆ

ಕನ್ನಡದಲ್ಲಿ ಕಾಳಗಕ್ಕೆ ಒಳ್ಳೆಯ ಓಟ ಇದೆ. ಎತ್ತಿ, ಬೀಸಿ, ತಪ್ಪಿ, ಜಾರಿ, ಬಿದ್ದ. ಕ್ರಿಯೆಗಳನ್ನು ಹೀಗೆ ಪೋಣಿಸಿ ಓಡಿಸಿ, ಆಮೇಲೆ ಎರಡು ಪದದ ವಾಕ್ಯವೊಂದನ್ನು ತಂದು ನಿಲ್ಲಿಸಿ. ‘ಕೋಟೆಯನ್ನು ವಶಪಡಿಸಿಕೊಳ್ಳಲಾಯಿತು’ ಎಂಬ ಸುದ್ದಿಪತ್ರಿಕೆಯ ವಾಕ್ಯವನ್ನು ಮಾತ್ರ ಹತ್ತಿರ ಸೇರಿಸಬೇಡಿ. ಯಾರು ಮಾಡಿದರೆಂಬುದೇ ಅದರಲ್ಲಿ ಮಾಯ. ಢಂ, ಖಣಖಣ, ಧಡಾರ್‌ಗಳನ್ನು ಪುಟಕ್ಕೆ ಒಂದರಂತೆ ಹಂಚಿಕೊಳ್ಳಿ. ಯಕ್ಷಗಾನದ ಯುದ್ಧ ನೋಡಿದವರಿಗೆ ಗೊತ್ತು, ರಂಗದ ಮೇಲೆ ಇಬ್ಬರೇ ಇರುತ್ತಾರೆ, ಚೆಂಡೆ ಏರುತ್ತದೆ, ನಡುವೆ ನಿಂತು ಮಾತಾಡುತ್ತಾರೆ, ಮತ್ತೆ ಏರುತ್ತದೆ. ಒಂದೇ ಲಯದಲ್ಲಿ ಹೊಡೆಯುತ್ತಲೇ ಇದ್ದರೆ ಸಭಿಕರು ಚಹಾ ಕುಡಿಯಲು ಎದ್ದುಹೋಗುತ್ತಾರೆ.

ಕೊನೆಯ ಪರೀಕ್ಷೆ

ಅಧ್ಯಾಯವನ್ನು ನಾಲ್ಕೈದು ಮಕ್ಕಳಿಗೆ ಗಟ್ಟಿಯಾಗಿ ಓದಿ. ಚೆನ್ನಾಗಿದೆಯೇ ಎಂದು ಕೇಳಬೇಡಿ, ಚೆನ್ನಾಗಿದೆ ಎಂದೇ ಹೇಳುತ್ತಾರೆ. ಕಾಗದ ಕೊಟ್ಟು ಯುದ್ಧ ನಡೆದ ಜಾಗದ ಚಿತ್ರ ಬಿಡಿಸಲು ಹೇಳಿ. ಹೊಳೆ ಒಬ್ಬನ ಚಿತ್ರದಲ್ಲಿ ಕೋಟೆಯ ಮುಂದೆ, ಇನ್ನೊಬ್ಬಳ ಚಿತ್ರದಲ್ಲಿ ಹಿಂದೆ ಇದ್ದರೆ ನಿಮ್ಮ ವರ್ಣನೆ ಸರಿಯಾಗಿಲ್ಲ, ತಿದ್ದಬೇಕು. ಎಲ್ಲಿ ಮಗ್ಗುಲು ಬದಲಿಸಿದರು ಎಂಬುದನ್ನು ಗುರುತು ಹಾಕಿಕೊಂಡು ಆ ಭಾಗವನ್ನು ಅರ್ಧಕ್ಕೆ ಇಳಿಸಿ. ಆಮೇಲೆ ಅವರು ಕೇಳುವ ಪ್ರಶ್ನೆಗಳನ್ನೆಲ್ಲ ಬರೆದುಕೊಳ್ಳಿ. ರಾಜನ ಬಗ್ಗೆ ಯಾರೂ ಕೇಳದಿರಬಹುದು. ಮೂರನೆಯ ಪುಟದಲ್ಲಿ ನೀವು ಮರೆತುಬಿಟ್ಟ ಕುದುರೆ ಆಮೇಲೆ ಏನಾಯಿತು ಎಂದು ಒಬ್ಬರಾದರೂ ಕೇಳುತ್ತಾರೆ, ಅದಕ್ಕೆ ಉತ್ತರವನ್ನು ಮುದ್ರಣಕ್ಕೆ ಕಳುಹಿಸುವ ಮೊದಲೇ ಕಥೆಯೊಳಗೆ ಸೇರಿಸಿ.